ಹತ್ತು ಮಿಲಿಮೀಟರ್

ಸಂದರ್ಶನಕ್ಕೆ ಅರ್ಧ ಗಂಟೆ ಇರುವಾಗ ವಿಭಾಗದ ಗುಮಾಸ್ತರು ಪಿಎಚ್‌ಡಿ ಸೀಟಿಗೆ ಬಂದಿದ್ದ ನಾಲ್ವರಿಗೂ ಒಂದೊಂದು ಜೆರಾಕ್ಸ್ ಕೊಟ್ಟರು. "ಈ ಪೇಪರ್ ಮೇಲೇ ಪ್ರಶ್ನೆ. ಓದ್ಕೊಳ್ಳಿ," ಅಂದರು.

ಇದ್ದದ್ದು ಒಂದೇ ಸೀಟು, ನನ್ನ ಗೈಡ್ ಕೈಕೆಳಗೆ. ಎಂ.ಟೆಕ್‌ನಲ್ಲಿ ಎರಡು ವರ್ಷ ಅವರ ಹತ್ತಿರವೇ ದುಡಿದಿದ್ದೆ. "ಸೀಟು ನಿಂದೇ, ಸಂದರ್ಶನ ಬರೀ ಶಾಸ್ತ್ರಕ್ಕೆ" ಅಂತ ಅವರೇ ಹೇಳಿದ್ದರು. ಅದನ್ನು ನಂಬಿ ಸೇತುವೆ ಡಿಸೈನ್ ಆಫೀಸಿನ ಕೆಲಸ ಬಿಟ್ಟಿದ್ದೆ. ಅಮ್ಮ ಇನ್ನೂ ಮಾತಾಡಿಸುತ್ತಿರಲಿಲ್ಲ.

ಪೇಪರಿನ ಎರಡನೇ ಪುಟದಲ್ಲಿ ಒಂದು ಫೋಟೋ. ಸುಣ್ಣ ಬಳಿದ ಕಾಂಕ್ರೀಟ್ ತೊಲೆ, ಅದರ ಮೇಲೆ ಬಿರುಕುಗಳ ಪಕ್ಕ ಸ್ಕೆಚ್ ಪೆನ್ನಿನಲ್ಲಿ ಬರೆದ ಅಂಕಿಗಳು. ಅಂಕಿಗಳು ನನ್ನವು. ನಾನು ಏಳನ್ನು ಬರೆದು ನಡುವೆ ಗೀಟು ಹಾಕುತ್ತೇನೆ. ಲೇಖಕರ ಜಾಗದಲ್ಲಿ ಗೈಡ್ ಹೆಸರು, ಪಕ್ಕದಲ್ಲಿ ಅವರ ಅಳಿಯನ ಹೆಸರು. ಅಳಿಯ ನಮ್ಮ ಲ್ಯಾಬಿಗೆ ಬಂದದ್ದು ಒಂದೇ ಸಲ, ಕಾರು ಎಲ್ಲಿ ನಿಲ್ಲಿಸಬೇಕು ಅಂತ ಕೇಳಲು.

ಪೇಪರ್ ಹಿಡಿದುಕೊಂಡು ನೆಟ್ಟಗೆ ಲ್ಯಾಬಿಗೆ ಹೋದೆ. ಅಲ್ಲಿ ಜ್ಯಾಕ್ ಅಣ್ಣ ಇದ್ದ. ತೊಲೆಗೆ ಭಾರ ಕೊಡುವ ಜ್ಯಾಕನ್ನು ಇಪ್ಪತ್ತು ವರ್ಷದಿಂದ ಒತ್ತುತ್ತಿರುವ ಮೆಕ್ಯಾನಿಕ್. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು.

"ಏನ್ ತಂಗಿ, ಮುಖ ನೀರು ಕುಡೀದೆ ಒಣಗಿದ ಕಾಂಕ್ರೀಟ್ ತರ ಇದೆ?"

ಗ್ರಾಫ್ ತೋರಿಸಿದೆ. ಭಾರ ಏರುತ್ತಾ ಹೋದಂತೆ ತೊಲೆ ಬಾಗುತ್ತದೆ, ಬಾಗುತ್ತದೆ, ಇಪ್ಪತ್ಮೂರು ಮಿಲಿಮೀಟರಿಗೆ ಬಂದಾಗ ದಿಢೀರನೆ ಹತ್ತು ಮಿಲಿಮೀಟರ್ ಮೇಲೇಳುತ್ತದೆ, ಮತ್ತೆ ಬಾಗುತ್ತದೆ. ಮೂರೂ ತೊಲೆಗಳದ್ದು ಇದೇ ಕಥೆ. ಕೆಳಗೆ ವಿವರಣೆ: ಕಾಂಕ್ರೀಟಿಗೆ ಬೆರೆಸಿದ ನಾರಿನಿಂದಾಗಿ ತೊಲೆ ಭಾರದ ನಡುವೆಯೇ ಚೇತರಿಸಿಕೊಳ್ಳುತ್ತದೆ.

ಅಣ್ಣ ಕನ್ನಡಕ ಹಣೆಗೇರಿಸಿ ನೋಡಿದ. "ಇದು ನಮ್ಮ ಪ್ಲೇಟ್ ಅಲ್ವಾ?"

ನಮ್ಮ ಪ್ಲೇಟೇ. ತೊಲೆಯ ಅಡಿಯಲ್ಲಿ ಡಯಲ್ ಗೇಜ್ ಇಡುತ್ತೇವೆ, ಗಡಿಯಾರದಂಥದ್ದು, ತಲೆಯ ಮೇಲೊಂದು ಕಡ್ಡಿ. ತೊಲೆ ಬಾಗಿದಷ್ಟೂ ಕಡ್ಡಿ ಒಳಗೆ ಹೋಗುತ್ತದೆ, ಮುಳ್ಳು ತಿರುಗುತ್ತದೆ. ಕಡ್ಡಿ ಇಪ್ಪತ್ತೈದು ಮಿಲಿಮೀಟರಿಗಿಂತ ಹೆಚ್ಚು ಹೋಗುವುದಿಲ್ಲ. ನಮ್ಮ ತೊಲೆಗಳು ಮೂವತ್ತು ದಾಟುತ್ತಿದ್ದವು. ದೊಡ್ಡ ಗೇಜ್ ಕೇಳಿ ಮೂರು ಅರ್ಜಿ ಕೊಟ್ಟರೂ ಬರಲಿಲ್ಲ. ಅದಕ್ಕೆ ಅಣ್ಣನೇ ದಾರಿ ಹುಡುಕಿದ್ದ: ಗೇಜಿನ ಅಡಿಗೆ ಮೊದಲೇ ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟ್ ಇಡುವುದು, ಇಪ್ಪತ್ಮೂರಾದಾಗ ಅದನ್ನು ಎಳೆದುಬಿಡುವುದು. ಗೇಜ್ ಹತ್ತು ಕೆಳಗಿಳಿಯುತ್ತದೆ. ಅಲ್ಲಿಂದ ಮುಂದಿನ ಪ್ರತಿ ಅಂಕಿಗೂ ಹತ್ತು ಕೂಡಿಸಬೇಕು. ನನ್ನ ಪ್ರಬಂಧದಲ್ಲಿ ಕೂಡಿಸಿದ್ದೇನೆ, ಯಾಕೆ ಅಂತಲೂ ಬರೆದಿದ್ದೇನೆ. ಆ ಪ್ರಬಂಧಕ್ಕೆ ಗೈಡ್ ಸಹಿ ಹಾಕಿದ್ದಾರೆ. ಓದಿರಲಿಲ್ಲ ಅಷ್ಟೆ. ಪ್ರಯೋಗದ ದಿನ "ಅಂಕಿ ಹೇಗಿದೆಯೋ ಹಾಗೇ ಕಳಿಸು" ಅಂದಿದ್ದರು, ಕಳಿಸಿದ್ದೆ. ಅದನ್ನೇ ಅಚ್ಚು ಹಾಕಿಸಿದ್ದಾರೆ.

"ನಾನು ಎಳೆದ ಪ್ಲೇಟಿಗೆ ಇಷ್ಟು ಮರ್ಯಾದೆ ಸಿಕ್ಕಿದೆ ಅಂದ್ರೆ, ನನ್ನ ಹೆಸರನ್ನೂ ಹಾಕ್ಬಹುದಿತ್ತು," ಅಂತ ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಅವನೂ ನಿಲ್ಲಿಸಿದ. "ಒಳಗೆ ಏನೂ ಬಾಯಿ ಬಿಡ್ಬೇಡ ತಂಗಿ. ಮೊದ್ಲು ಸೀಟು ತಗೋ."

ನನ್ನನ್ನು ಕರೆದದ್ದು ಕೊನೆಗೆ. ಕೋಣೆಯಲ್ಲಿ ಮೂವರಿದ್ದರು: ವಿಭಾಗದ ಮುಖ್ಯಸ್ಥರು, ಗೈಡ್, ಹೊರಗಿನಿಂದ ಕರೆಸಿದ್ದ ಹಿರಿಯ ಪರೀಕ್ಷಕರು. ಪರೀಕ್ಷಕರು ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಮೂರು ಸುತ್ತು ಹಾಕಿಕೊಂಡಿದ್ದರು.

"ಭಾರ ಏರ್ತಾ ಇದೆ, ತೊಲೆ ಮೇಲೇಳ್ತಾ ಇದೆ. ಅದೂ ಮೂರಕ್ಕೆ ಮೂರೂ ಸರಿಯಾಗಿ ಹತ್ತೇ ಮಿಲಿಮೀಟರ್. ಯಾಕಮ್ಮ?"

"ಕೊನೇ ಪುಟ ನೆನಪು ಮಾಡ್ಕೋ," ಅಂದರು ಗೈಡ್, ಮಗ್ಗಿ ಒಪ್ಪಿಸುವ ಮಗುವಿಗೆ ಹೇಳುವ ಹಾಗೆ. "ನಾರಿನ ಚೇತರಿಕೆ ಗುಣ..."

ಒಂದು ವಾಕ್ಯ ಒಪ್ಪಿಸಿದ್ದರೆ ಸೀಟು ನನ್ನದು. ಆಮೇಲೆ ನಾಲ್ಕು ವರ್ಷ ಸಂಶೋಧನೆ ಮಾಡಬೇಕಾಗಿದ್ದದ್ದು ಇದೇ ಚೇತರಿಕೆಯ ಮೇಲೆ. ಇಲ್ಲದ್ದನ್ನು ಇದೆ ಅಂತ ತೋರಿಸಲು ಪ್ರತಿ ತೊಲೆಯ ಅಡಿಯಿಂದಲೂ ಒಂದು ಪ್ಲೇಟ್ ಎಳೆಯುತ್ತಾ ಕೂರಬೇಕಿತ್ತು. ನಾಳೆ ಯಾರೋ ಇದನ್ನು ನಂಬಿ ಸೇತುವೆಗೆ ಈ ಲೆಕ್ಕ ಹಾಕುತ್ತಾರೆ. ಆ ಸೇತುವೆಯ ಅಡಿಯಲ್ಲಿ ಗೇಜೂ ಇರುವುದಿಲ್ಲ, ಜ್ಯಾಕ್ ಅಣ್ಣನೂ ಇರುವುದಿಲ್ಲ.

"ತೊಲೆ ಏಳಲಿಲ್ಲ ಸರ್. ಗೇಜ್ ಇಳೀತು. ಇಳಿಸಿದ್ದು ನಾವೇ," ಅಂದೆ. ಪ್ಲೇಟಿನ ವಿಷಯ ಪೂರ್ತಿ ಹೇಳಿದೆ.

"ಟೆನ್ಷನ್ ಆಗಿದೆ ಅವಳಿಗೆ," ಅಂದರು ಗೈಡ್. "ಅವಳು ಮಾಡಿದ್ದು ಬೇರೆ ಪ್ರಯೋಗ."

"ಹಾಗಾದ್ರೆ ಫೋಟೋದಲ್ಲಿರೋ ಅಂಕಿ ಯಾರು ಬರೆದಿದ್ದು ಸರ್? ನಿಮ್ಮ ಅಳಿಯಂದಿರಾ?"

ಮುಖ್ಯಸ್ಥರು ಫ್ಯಾನ್ ನೋಡತೊಡಗಿದರು. ಪರೀಕ್ಷಕರು ಪೇಪರ್ ಎತ್ತಿ ಫೋಟೋ ನೋಡಿದರು, ಗ್ರಾಫ್ ನೋಡಿದರು, ಪೆನ್ಸಿಲಿನಿಂದ ಅದರ ಮೇಲೆ ಹತ್ತು ಕೂಡಿಸಿ ಒಂದು ಗೆರೆ ಎಳೆದರು. ಗೆರೆ ಎಲ್ಲೂ ಮುರಿಯದೆ ನುಣ್ಣಗೆ ಬಂತು. ಅವರಿಗೆ ಅರ್ಥವಾಗಿತ್ತು. ಅರ್ಥವಾದದ್ದು ಮುಖದ ಮೇಲೆ ಕಾಣುತ್ತಿತ್ತು. ಆಮೇಲೆ ಗಡಿಯಾರ ನೋಡಿ, "ನನಗೆ ಟ್ರೇನ್ ಇದೆ," ಅಂದು ಖಾಲಿ ಅಂಕಪಟ್ಟಿಗೆ ಸಹಿ ಹಾಕಿ ಎದ್ದರು. ಗೈಡ್ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆ ಮುದುಕನ ಮೇಲೆ ಬಂತು.

ಕಾರಿಡಾರಿನಲ್ಲಿ ಗೈಡ್ ನನ್ನನ್ನು ತಡೆದರು. "ನನ್ನ ಹತ್ರ ಬಂದು ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ."

"ಅಚ್ಚು ಹಾಕಿಸೋ ಮುಂಚೆ ತೋರಿಸಿದ್ರೆ ಹೇಳ್ತಿದ್ದೆ."

"ಮಗಳ ತರ ನೋಡ್ಕೊಂಡೆ ನಿನ್ನ."

"ಅಳಿಯನ ತರ ನೋಡ್ಕೋಬೇಕಿತ್ತು ಸರ್."

ಸಂಜೆ ನಾಲ್ಕಕ್ಕೆ ಪಟ್ಟಿ ಅಂಟಿಸಿದರು. ನಾಲ್ಕು ಹೆಸರು, ನಾಲ್ಕರ ಮುಂದೆಯೂ "ಅರ್ಹರಲ್ಲ". ಉಳಿದ ಮೂವರು ಪಾಪ ನಾರಿನ ಚೇತರಿಕೆ ಗುಣವನ್ನು ಚೆನ್ನಾಗಿ ಒಪ್ಪಿಸಿದ್ದರಂತೆ. ಸೀಟೇ ಖಾಲಿ ಬಿಟ್ಟರೆ ಈ ಪೇಪರಿನ ಮಾತು ಯಾರೂ ಎತ್ತುವುದಿಲ್ಲ ಅಂದುಕೊಂಡಿರಬೇಕು. ಒಬ್ಬ ನನ್ನನ್ನು ನುಂಗುವ ಹಾಗೆ ನೋಡಿಕೊಂಡು ಹೋದ. ಅವನ ಸಿಟ್ಟು ಹೋಗಬೇಕಾದ ಗೈಡ್ ಬಾಗಿಲು ಎರಡು ಮಾರು ದೂರದಲ್ಲೇ ಇತ್ತು.

ನಾನು ಆಫೀಸಿಗೆ ಹೋಗಿ ಗುಮಾಸ್ತರ ಮುಂದೆ ನಿಂತೆ. "ನಾನ್ಯಾಕೆ ಅರ್ಹಳಲ್ಲ, ಬರೆದುಕೊಡಿ."

"ಅದಕ್ಕೆ ಫಾರಂನಲ್ಲಿ ಕಾಲಮ್ಮೇ ಇಲ್ಲಮ್ಮ."

"ಸ್ಕೇಲ್ ಇದೆಯಲ್ಲ, ಎಳೀರಿ."

"ಯಾಕಮ್ಮ ನನ್ನ ಜೀವ ತಿಂತೀಯ. ಮನೆಗೆ ಹೋಗು, ಮುಂದಿನ ಸಲ ನೋಡ್ಕೊಳ್ಳೋಣ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಐದೂವರೆಗೆ ಅವರು ಬೀಗದಕೈ ಗೊಂಚಲು ತೆಗೆದು ಸದ್ದು ಮಾಡಿದರು. ಏಳಲಿಲ್ಲ. ಆರಕ್ಕೆ ಫಾರಂ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದರು, ಹತ್ತು ನಿಮಿಷ ಬಿಟ್ಟು ಬಂದರು. ಸೊಟ್ಟಗೆ ಎಳೆದ ಕಾಲಮ್ಮಿನಲ್ಲಿ ಮುಖ್ಯಸ್ಥರ ಕೈಬರಹವಿತ್ತು: "ಪ್ರಾಯೋಗಿಕ ಜ್ಞಾನ ಸಾಲದು."

ಎರಡು ಸಲ ಓದಿದೆ.

"ಸರಿ ತಾನೇ? ಇನ್ನು ಹೊರಡು," ಅಂದರು ಗುಮಾಸ್ತರು.

"ಸೀಲ್ ಹಾಕಿಲ್ಲ," ಅಂದೆ.