ಇಪ್ಪತ್ತೆರಡು ನಿಮಿಷದ ಕತ್ತಲೆ

ಬೆಳಿಗ್ಗೆ ಏಳು ಹತ್ತಕ್ಕೆ ಸಾವಿನ ಸುದ್ದಿಯ ಫೋನು ಬಂದಿತ್ತು. ಎಂಟೂವರೆಗೆ ತುಮಕೂರು ಬಿಟ್ಟಾಗಿತ್ತು. ಒಂಬತ್ತೂವರೆಗೆ ನಿಟ್ಟೂರಿನಲ್ಲಿ ಗೆಳೆಯ ಕರಿಸಿದ್ದಪ್ಪನ ಮನೆಯ ಮುಂದೆ, ಮೊಮ್ಮಗಳ ಸ್ಕೂಟರಿನಿಂದ ಇಳಿದ ಮಹಾಲಿಂಗಯ್ಯನವರು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲಾಗದೆ ಒದ್ದಾಡುತ್ತಿದ್ದರು.

"ಒಂದು ಪಟ್ಟಿ ಬಿಚ್ಚೋಕಾಗಲ್ವಾ ತಾತ? ನೀವು ನಾಟಕದ ಸೇನಾಪತಿ ಅಲ್ವಾ?" ಎಂದಳು ಇಂಪನಾ.

"ಸುಮ್ನೆ ಬಿಚ್ಚೇ."

ಚಪ್ಪರದಡಿಯಲ್ಲಿ ಕರಿಸಿದ್ದಪ್ಪನನ್ನು ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಬದುಕಿದ್ದಾಗ ಆತ ಇಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಮೊದಲು ಸೈಕಲ್ ಶಾಪು, ಜೊತೆಗೆ ಬಾಡಿಗೆಗೆ ಗ್ಯಾಸ್‌ಲೈಟು. ಕರೆಂಟು ಬಂದ ಮೇಲೆ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು. ಊರಿನ ಮದುವೆಗಳಿಗೆಲ್ಲ ಬೆಳಕು ಅವನದೇ. ಆದರೆ ಒಂದು ಮದುವೆಯ ಫೋಟೋದಲ್ಲೂ ಅವನಿಲ್ಲ.

ಮಗ ಸಂಗಮೇಶ್ ಬಂದು ಕೈ ಹಿಡಿದುಕೊಂಡ. "ಹನ್ನೊಂದಕ್ಕೆ ನುಡಿನಮನ, ಹನ್ನೆರಡಕ್ಕೆ ಎತ್ತೋದು, ಒಂದಕ್ಕೆ ತೋಟದಲ್ಲಿ ಸಮಾಧಿ. ನೀವೇ ಮೊದ್ಲು ಮಾತಾಡ್ಬೇಕು ದೊಡ್ಡಪ್ಪ. ಆ ಬ್ಲ್ಯಾಕೌಟ್ ನಾಟಕದ್ದು ಹೇಳಿ. ಅಪ್ಪ ದೀಪ ಆರ್ಸಿದ್ದು, ನೀವು ಕತ್ತಲಲ್ಲೇ ಡೈಲಾಗ್ ಹೊಡ್ದಿದ್ದು. ಹುಡುಗ್ರು ರೆಕಾರ್ಡ್ ಮಾಡ್ಕೋತಾರೆ."

ಮಹಾಲಿಂಗಯ್ಯನವರು ತಲೆಯಾಡಿಸಿದರು. ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರಿಗೆ ಹೆಸರು ಅಂತ ಇದ್ದದ್ದು ಆ ಒಂದು ಸಂಜೆಯದು. ಅದನ್ನು ಅವರು ಎಂದೂ ತಾವಾಗಿ ಹೇಳಿಕೊಂಡವರಲ್ಲ. ಯಾರಾದರೂ ಹೇಳಿದರೆ ಅಲ್ಲವೆಂದವರೂ ಅಲ್ಲ. ಇವತ್ತು ಹೇಳಲೇಬೇಕು, ಅದೂ ಕರಿಸಿದ್ದಪ್ಪನ ಮುಂದೆ. ನಿಜ ಹೇಳಿದರೆ ಹೆಸರು ಹೋಗುತ್ತದೆ. ಹೇಳದಿದ್ದರೆ ಮಧ್ಯಾಹ್ನ ಒಂದರ ಮೇಲೆ ಅದನ್ನು ಹೇಳಲು ಅವನೇ ಎದುರಿಗಿರುವುದಿಲ್ಲ.

*

೧೯೭೧, ಡಿಸೆಂಬರ್ ಎಂಟು, ಬುಧವಾರ. ಯುದ್ಧ ಶುರುವಾಗಿ ಐದು ದಿನ. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿಕೊಂಡು ಮನೆಯಲ್ಲಿ ಕೂತು ಕೂತು ಜನಕ್ಕೆ ಸಾಕಾಗಿತ್ತು. ಸೈನಿಕರ ನಿಧಿಗೆಂದು ನಾಟಕ ಇಟ್ಟಾಗ ಸುತ್ತಲಿನ ಮೂರು ಹಳ್ಳಿಯವರು ಚಾಪೆ ಹಿಡಿದು ಬಂದರು. ಹುತ್ರಿದುರ್ಗದ ಕೋಟೆ ಕಾಯುವ ಸೇನಾಪತಿಯ ಕತೆ, ಸೇನಾಪತಿ ಮಹಾಲಿಂಗಯ್ಯ. ಶಾಲೆಯ ಗಂಟೆ ಬಾರಿಸಿದರೆ ದೀಪ ಆರಿಸಬೇಕೆಂದು ಮೊದಲೇ ಗೊತ್ತುಮಾಡಿದ್ದರು.

ಏಳು ನಲವತ್ತಕ್ಕೆ ಗಂಟೆ ಹೊಡೆಯಿತು. ಕರಿಸಿದ್ದಪ್ಪ ಎರಡೂ ಗ್ಯಾಸ್‌ಲೈಟು ಆರಿಸಿದ. "ಈ ಕೋಟೆಯಿಂದ ಒಂದು ಹೆಜ್ಜೆಯೂ ಹಿಂದಿಡೆನು" ಎಂದು ಸೇನಾಪತಿ ಆಗಷ್ಟೇ ಹೇಳಿ ಮುಗಿಸಿದ್ದ. ಆಗ ದೂರದಿಂದ ಗುಡುಗುಡು ಸದ್ದು ಬರತೊಡಗಿತು. ಬಂದದ್ದು ದೀಪವಿಲ್ಲದ ಗೂಡ್ಸ್ ರೈಲುಗಾಡಿ. ಮಹಾಲಿಂಗಯ್ಯನಿಗೆ ಕೇಳಿಸಿದ್ದು ಏರೋಪ್ಲೇನು. ಕತ್ತಿ ಬಿಸಾಕಿ, ಹಿಂದಿನಿಂದ ಧುಮುಕಿ, ಸ್ಟೇಜಿನ ಹಲಗೆಗಳ ಕೆಳಗೆ ನುಸುಳಿ, ಎರಡೂ ಕಿವಿ ಮುಚ್ಚಿಕೊಂಡು ಮಲಗಿಬಿಟ್ಟ.

ಕೈ ತೆಗೆದಾಗ ನಾಟಕ ನಡೆಯುತ್ತಿತ್ತು. ತನ್ನ ಮಾತನ್ನು ಬೇರೆ ಯಾರೋ ಆಡುತ್ತಿದ್ದರು. ಗಾಡಿ ಹೋಯಿತು, ಎಂಟು ಎರಡಕ್ಕೆ ಗಂಟೆ ಮತ್ತೆ ಹೊಡೆಯಿತು. ದೀಪ ಹೊತ್ತಿಸುವ ಮೊದಲು ಕರಿಸಿದ್ದಪ್ಪ ಬಗ್ಗಿ, ಅದೇ ದನಿಯಲ್ಲಿ, "ಮೇಲಕ್ಕೆ ಹತ್ತಪ್ಪ, ನಿನ್ ಪಾರ್ಟು ಇನ್ನೂ ಐತೆ" ಎಂದ. ಮತ್ತೆ ಆ ವಿಷಯ ಎತ್ತಲಿಲ್ಲ.

*

ಮೈಕು ಕೈಗೆ ಬಂತು.

"ಆವತ್ತು ಕತ್ತಲಲ್ಲಿ ಮಾತಾಡ್ದೋನು ನಾನಲ್ಲ," ಎಂದರು ಮಹಾಲಿಂಗಯ್ಯನವರು. "ಇಲ್ಲಿ ಕೂತಿದ್ದಾನಲ್ಲ, ಇವನು."

"ದೊಡ್ಡೋರ ಗುಣ ನೋಡ್ರಪ್ಪ," ಎಂದರು ಮುಂದೆ ಕೂತಿದ್ದ ಏಕಾಂತಯ್ಯ. "ಸತ್ತೋರಿಗೆ ಬಿಟ್ಕೊಡ್ತಾರೆ."

"ಬಿಟ್ಕೊಡ್ತಿಲ್ಲ ಕಣಯ್ಯ. ಗೂಡ್ಸ್ ಗಾಡಿಗೆ ಹೆದರ್ಕೊಂಡು ಸ್ಟೇಜ್ ಕೆಳಗೆ ಮಲಗಿದ್ದೆ. ನಾಟಕ ಮುಗಿದ್ಮೇಲೆ ನೋಡಿದ್ರೆ ಮೀಸೆ ತುಂಬ ಜೇಡನ ಬಲೆ."

ಇಂಪನಾ ಫೋನು ಕೆಳಗಿಳಿಸಿದಳು. ಸಂಗಮೇಶ್ ಮಹಾಲಿಂಗಯ್ಯನವರತ್ತ ಕುರ್ಚಿ ತಳ್ಳಿದ.

ಗಂಡನ ಪಕ್ಕ ಕೂತಿದ್ದ ಸರ್ವಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಗೊತ್ತು ಬುಡಿ, ಮಾಲಿಂಗಣ್ಣ."

"ಏನ್ ಗೊತ್ತು?"

"ನೀವು ಮಾತಾಡ್ತಿದ್ದುದು ಸ್ಟೇಜ್ ಮೇಲಿಂದ. ಕತ್ತಲಾದ್ಮೇಲೆ ಮಾತು ಬಂದಿದ್ದು ನೆಲದಿಂದ, ನಮ್ಮ ಹೆಂಗಸ್ರ ಚಾಪೆ ಪಕ್ಕದಿಂದ. ಗ್ಯಾಸ್‌ಲೈಟು ಇದ್ದಿದ್ದೇ ಅಲ್ಲಿ. ಆ ದನಿ ಯಾರ್ದು ಅಂತ ಗೊತ್ತಾಗಿದ್ದಕ್ಕೇ ನಾನು ಸೈಕಲ್ ಶಾಪಿನೋನ್ನ ಒಪ್ಕೊಂಡಿದ್ದು. ಇಲ್ದಿದ್ರೆ ಗುಬ್ಬಿಯಿಂದ ಮೇಷ್ಟ್ರು ಗಂಡು ಬಂದಿತ್ತು."

"ಇಷ್ಟು ವರ್ಷ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಆವತ್ತೇ ಅವ್ರು ನಮ್ಮ ಹೆಂಗಸ್ರಿಗೆಲ್ಲ ಬೇಡ ಅಂದ್ರು. ನಾಳಿದ್ದು ಕೋರದಲ್ಲೂ ಇದೇ ನಾಟಕ ಐತೆ, ಸೇನಾಪತಿ ಓಡೋದ ಅಂದ್ರೆ ಟಿಕೆಟ್ ಯಾರು ತಗೋತಾರೆ ಅಂದ್ರು. ಆಮೇಲೆ ಅಭ್ಯಾಸ ಆಗೋಯ್ತು."

ಮೊದಲು ನಕ್ಕವರು ಹಿಂದಿನ ಮುದುಕಿಯರು. ಆಮೇಲೆ ಏಕಾಂತಯ್ಯ, ಆಮೇಲೆ ಚಪ್ಪರವಿಡೀ. ಪೂಜೆಗೆ ಬಂದಿದ್ದ ಅಯ್ನೋರು ಕೂಡ ಬಿಲ್ವಪತ್ರೆಯ ಬುಟ್ಟಿಯತ್ತ ಮುಖ ತಿರುಗಿಸಿಕೊಂಡರು. ಮಹಾಲಿಂಗಯ್ಯನವರು ಕುರ್ಚಿಯನ್ನು ಸರ್ವಮಂಗಳಮ್ಮನ ಹತ್ತಿರಕ್ಕೆ ಎಳೆದುಕೊಂಡರು.

"ಅವ್ನಿಗೆ ಭಯ ಆಗ್ಲಿಲ್ವಾ?" ಎಂದು ಕೇಳಿದರು.

"ಆಗಿತ್ತಂತೆ. ಬಾಯಾಡ್ತಾ ಇದ್ರೆ ನಡುಕ ಗೊತ್ತಾಗಲ್ಲ ಅಂತಿದ್ರು. ನಾವು ಹೆಂಗಸ್ರು ಮಕ್ಕಳನ್ನ ಎತ್ಕೊಂಡು ಓಡಕ್ಕೆ ಎದ್ದಿದ್ವಿ. ಆಗ್ಲೇ ಅವ್ರು ಬಾಯಿಬಿಟ್ಟಿದ್ದು. ಮೊದ್ಲ ಮಾತು ಮೆಲ್ಲಗೆ, ನಮಗಷ್ಟೇ ಕೇಳೋ ಹಂಗೆ."

"ಏನಂತ?"

ಸರ್ವಮಂಗಳಮ್ಮ ಗಂಡನ ಮುಖ ನೋಡಿದರು. ಹಿಂದೆ ಕೂತಿದ್ದ ಮೂವರು ಮುದುಕಿಯರು ಅವರ ದನಿಗೆ ದನಿ ಸೇರಿಸಿದರು. ನಾಲ್ವರೂ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದರು:

"ಯಾರೂ ಏಳಬೇಡಿ ತಾಯಂದಿರೇ. ಈ ಕತ್ತಲೆ ಶತ್ರುವಿಗೂ ಕತ್ತಲೆಯೇ."

ಸೇನಾಪತಿಯ ಪಾತ್ರ ಮಹಾಲಿಂಗಯ್ಯನವರಿಗೆ ಇಂದಿಗೂ ಬಾಯಿಪಾಠ. ಮೊದಲ ಅಂಕದಿಂದ ಕೊನೆಯ ಅಂಕದವರೆಗೆ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ನೋಡಿದರು. ಆ ಮಾತು ನಾಟಕದಲ್ಲಿ ಇರಲಿಲ್ಲ.