ಶರಣಾದವರ ಬಯಲು

ಬಸವಕುಮಾರ್ ಆ ಬಯಲಿನಲ್ಲಿ ಸಾಯಲು ಹೊರಟಿದ್ದು ಅದು ನಾಲ್ಕನೆಯ ವರ್ಷ. ಅಕ್ಟೋಬರ್ ಬಂತೆಂದರೆ ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸಾಯುವುದು, ಎರಡೂವರೆಗೆ ಎದ್ದು ಬಟ್ಟೆ ಕೊಡವಿಕೊಂಡು ಮನೆಗೆ ಬರುವುದು, ಇದು ಅವನ ವ್ರತ.

“ಸಾಯಕ್ಕೆ ಹೊರಟ್ರಾ?” ಎಂದು ಹೆಂಡತಿ ನಮ್ರತಾ ಅಡುಗೆಮನೆಯಿಂದಲೇ ಕೂಗಿದಳು. “ಬರ್ತಾ ಹಾಲು ತಗೊಂಡ್ಬನ್ನಿ. ಶುಕ್ರವಾರದ ತನಕ ಯಾರ ಹತ್ರಾನೂ ಜಗಳ ಬೇಡ. ಲಾಯರ್ ಏನ್ ಹೇಳಿದ್ರು, ನೆನಪಿದೆ ತಾನೆ?”

“ಸ್ಪೀಡಿಂಗ್ ಟಿಕೆಟ್ ಕೂಡ ತಗೋಬೇಡಿ ಅಂದ್ರು. ಗೊತ್ತು ಕಣೆ.”

ಬರುವ ಶುಕ್ರವಾರ ಷಾರ್ಲೆಟ್‌ನಲ್ಲಿ ಅವನ ಅಮೆರಿಕದ ಪೌರತ್ವದ ಪ್ರಮಾಣವಚನ. ಅದಕ್ಕೆ ಅವನು ಕಾದಿದ್ದು ಇಪ್ಪತ್ತೊಂದು ವರ್ಷ. ವೀಸಾ, ವೀಸಾದ ಮೇಲೆ ವೀಸಾ, ಗ್ರೀನ್ ಕಾರ್ಡಿನ ಮುಗಿಯದ ಸರತಿ. ಅಷ್ಟೂ ವರ್ಷ ಮ್ಯಾನೇಜರ್ ಬೈದರೆ ನಕ್ಕು, ಪಕ್ಕದ ಮನೆಯವನ ನಾಯಿ ಅಂಗಳ ಹೊಲಸು ಮಾಡಿದರೆ ತಾನೇ ಎತ್ತಿಹಾಕಿ, ತಗ್ಗಿ ಬಗ್ಗಿ ನಡೆದಿದ್ದ. ಇನ್ನು ಬಲಗೈ ಎತ್ತಿ ನಾಲ್ಕು ಸಾಲು ಹೇಳಿದರೆ ಮುಗಿಯಿತು. ಅಷ್ಟರಲ್ಲಿ ಒಂದು ಪೊಲೀಸ್ ಕೇಸು ಬಿದ್ದರೆ ಇಪ್ಪತ್ತೊಂದು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಸಾಯುವ ಈ ಚಟ ಹತ್ತಿದ್ದೂ ಪೌರತ್ವದ ದೆಸೆಯಿಂದಲೇ. ಪೌರತ್ವ ಕೊಡುವ ಮುಂಚೆ ನೂರು ಪ್ರಶ್ನೆಗಳ ಪಟ್ಟಿಯಿಂದ ಒಂದಿಷ್ಟು ಕೇಳುತ್ತಾರೆ. ಪರೀಕ್ಷೆಗೆ ಇನ್ನೂ ವರ್ಷಗಳಿರುವಾಗಲೇ ಬಸವಕುಮಾರ್ ಓದಲು ಕೂತ, ನಮ್ಮ ಜನದ ಬುದ್ಧಿಯೇ ಅಷ್ಟು. ವಲಸಿಗರು ಬ್ರಿಟಿಷರ ಮೇಲೆ ಯಾಕೆ ಯುದ್ಧ ಮಾಡಿದರು ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಕಿತ್ತು. ಅವನಿಗೆ ಸಾಕಾಗಲಿಲ್ಲ. ಹಗಲು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ, ರಜೆಯಲ್ಲಿ ಇತಿಹಾಸದಲ್ಲಿ ತಪ್ಪು ಹುಡುಕುವ ಹುಚ್ಚು. ಹೀಗೆ ಅಲೆಯುತ್ತ ಅಲೆಯುತ್ತ, ತನ್ನ ಮನೆಯಿಂದ ನಲವತ್ತು ನಿಮಿಷದ ದಾರಿಯಲ್ಲಿ, ಸೌತ್ ಕ್ಯಾರೊಲಿನಾದ ಒಂದು ಹುಲ್ಲುಗಾವಲಿನಲ್ಲಿ ಆ ಯುದ್ಧದ ಕದನವೊಂದನ್ನು ವರ್ಷಕ್ಕೊಮ್ಮೆ ಮತ್ತೆ ಆಡಿ ತೋರಿಸುವ ಆಟಕ್ಕೆ ಸೇರಿಕೊಂಡಿದ್ದ. ಹಳೇ ಕಾಲದ ಅಂಗಿ, ಹಳೇ ಕಾಲದ ಬಂದೂಕು. ಮದ್ದು ನಿಜವಾದದ್ದು, ಗುಂಡು ಮಾತ್ರ ಇರುವುದಿಲ್ಲ. ಒಂದು ಕಡೆಯವರು ಸ್ವಾತಂತ್ರ್ಯದವರು, ಇನ್ನೊಂದು ಕಡೆಯವರು ಬ್ರಿಟಿಷ್ ರಾಜನಿಗೆ ನಿಷ್ಠರಾದ ಅಕ್ಕಪಕ್ಕದ ರೈತರು. ರಾಜನ ಕಡೆಗೆ ಯಾರೂ ಬರುವುದಿಲ್ಲ, ಯಾಕೆಂದರೆ ಕೊನೆಗೆ ಅವರು ಬಿಳಿ ಬಟ್ಟೆ ಎತ್ತಿ ಶರಣಾಗಬೇಕು, ಶರಣಾದ ಮೇಲೂ ಸಾಯಬೇಕು. ಹೊಸಬ ಬಸವಕುಮಾರನಿಗೆ ಸಿಕ್ಕಿದ್ದು ಅದೇ ಪಾತ್ರ, ಬಿಳಿ ಬಟ್ಟೆ ಹಿಡಿಯುವವನದು.

ಅವನನ್ನು ಪ್ರತಿವರ್ಷ ಕೊಲ್ಲುತ್ತಿದ್ದವನು ವೇಯ್ನ್ ಹಾಲ್‌ಕಂಬ್. ಬಯಲು ಅವನದೇ, ಏಳು ತಲೆಮಾರಿನದು. ಆರಡಿ ಎತ್ತರ, ಟ್ರ್ಯಾಕ್ಟರ್ ರಿಪೇರಿ ಮಾಡುವ ದಪ್ಪ ಕೈ. ಬಂದೂಕಿನ ಹಿಡಿಯನ್ನು ಪಕ್ಕೆಗೆ ಮುಟ್ಟಿಸಿದ ಹಾಗೆ ಮಾಡಿ ಕೊಲ್ಲುತ್ತಿದ್ದ, ಆಮೇಲೆ ಕೈಕೊಟ್ಟು ಎಬ್ಬಿಸಿ, “ಚೆನ್ನಾಗಿ ಸತ್ತೆ, ಬ್ಯಾಸ್,” ಎನ್ನುತ್ತಿದ್ದ. ಒಳ್ಳೆಯವನೇ. ನಾನು ಸುಳ್ಳು ಹೇಳುವುದಿಲ್ಲ, ಅವತ್ತಿನ ಮಧ್ಯಾಹ್ನದವರೆಗೆ ಒಳ್ಳೆಯವನೇ.

ಕದನಕ್ಕೆ ಮುಂಚೆ ರಾಜನ ಕಡೆಯವನೊಬ್ಬ ಮೈಕಿನಲ್ಲಿ ಐದು ನಿಮಿಷ ಮಾತಾಡುವುದು ಪದ್ಧತಿ. ಪ್ರತಿವರ್ಷ ಟೆಡ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ಬರೆದುಕೊಟ್ಟದ್ದನ್ನು ಓದುತ್ತಿದ್ದ. ಆ ವರ್ಷ, ಎರಡು ಸಾವಿರದ ಇಪ್ಪತ್ತೈದರಲ್ಲಿ, ಟೆಡ್‌ಗೆ ಗಂಟಲು ಕಟ್ಟಿತ್ತು. “ನೀನು ಹೇಳಿಬಿಡು,” ಎಂದು ಮೈಕನ್ನು ಬಸವಕುಮಾರನ ಕೈಗಿತ್ತ. ಹಗ್ಗದಾಚೆ ಆರುನೂರು ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಮಗಳು ಶ್ರಾವಣಿ, ಹದಿನಾರು ವರ್ಷ, ಫೋನು ನೋಡುತ್ತ.

“ನಾನು ರಾಜನ ಕಡೆಯವನು,” ಎಂದು ಶುರುಮಾಡಿದ. “ನನ್ನ ಅಜ್ಜನೂ ನಿಮ್ಮ ಅಜ್ಜನೂ ಒಂದೇ ಹಡಗಿನಲ್ಲಿ ಬಂದವರು. ಬಂದಾಗ ಇಲ್ಲಿ ಜನರಿದ್ದರು. ರಾಜನ ಹೆಸರು ಹೇಳಿ ಅವರ ನೆಲ ತೆಗೆದುಕೊಂಡೆವು, ಅವರನ್ನು ಬೆಟ್ಟದ ಕಡೆಗೆ ಅಟ್ಟಿದೆವು. ನಮ್ಮನ್ನು ಕಾಯಲು ಆಗ ರಾಜನ ಸಿಪಾಯಿಗಳು ಬೇಕಿತ್ತು. ಕಾಯ್ದ ಮೇಲೆ ರಾಜ ಖರ್ಚು ಕೇಳಿದ, ಇನ್ನು ಬೆಟ್ಟ ದಾಟಬೇಡಿ ಎಂದೂ ಹೇಳಿದ. ಆಗ ನಮಗೆ ಸ್ವಾತಂತ್ರ್ಯ ನೆನಪಾಯಿತು. ನಾವು ಯಾರ ಗುಲಾಮರೂ ಅಲ್ಲ ಎಂದು ಕೂಗಿದೆವು. ಕೂಗುವಾಗ ನಮ್ಮ ಹೊಲದಲ್ಲಿ ಗುಲಾಮರು ಕಳೆ ಕೀಳುತ್ತಿದ್ದರು.”

ಕೆಲವರು ನಕ್ಕರು. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೈಕು ಕೈಗೆ ಸಿಕ್ಕ ಕನ್ನಡಿಗ ತಾನಾಗಿಯೇ ನಿಲ್ಲಿಸಿದ್ದನ್ನು ಕಂಡವರುಂಟೆ?

ರಾಜ್ಯದ ದಫ್ತರದಲ್ಲಿ ಅವನಿಗೊಂದು ಹಳೆಯ ಅರ್ಜಿ ಸಿಕ್ಕಿತ್ತು, ಒಬ್ಬ ವಿಧವೆ ಬರೆದದ್ದು. ಅದನ್ನು ಹೇಳಿಯೇಬಿಟ್ಟ. “ಈ ಬಯಲಿನ ಕ್ಯಾಪ್ಟನ್ ಏಮಸ್ ಹಾಲ್‌ಕಂಬ್ ಮೊದಲು ಬೆಟ್ಟಕ್ಕೆ ಹೋಗಿ ಮೂಲನಿವಾಸಿ ಚೆರೋಕೀಗಳ ಊರು ಸುಟ್ಟ, ನಿಂತಿದ್ದ ಮುಸುಕಿನ ಜೋಳಕ್ಕೆ ಬೆಂಕಿಯಿಟ್ಟ. ನಾಲ್ಕು ವರ್ಷದ ಮೇಲೆ ಇಲ್ಲಿ, ಬಿಳಿ ಬಟ್ಟೆ ಹಿಡಿದು ಶರಣಾದ ಒಂಬತ್ತು ಜನ ನೆರೆಯವರನ್ನು ಒಂದೇ ಮರಕ್ಕೆ ನೇತುಹಾಕಿದ. ಒಬ್ಬನ ಹಗ್ಗ ಹರಿದು ಅವನು ಕೆಳಗೆ ಬಿದ್ದ. ಅವನ ಹೆಂಡತಿ ಕ್ಯಾಪ್ಟನ್‌ನ ಕಾಲು ಹಿಡಿದುಕೊಂಡಳು. ಅವಳನ್ನು ಒದ್ದು, ಅವನನ್ನು ಮತ್ತೆ ಎತ್ತಿ ಕಟ್ಟಿದರು. ಮುಂದಿನ ವರ್ಷ ಒಂಬತ್ತೂ ಜನರ ಹೊಲ ಹಾಲ್‌ಕಂಬನ ಹೆಸರಿಗೆ ಬಂತು. ನೀವು ಕುರ್ಚಿ ಹಾಕಿಕೊಂಡಿರುವುದು ಅದರಲ್ಲೇ.”

ಯಾರೂ ನಗಲಿಲ್ಲ. ಹಾಲ್‌ಕಂಬ್ ಮನೆತನದ ಮುದುಕಿಯೊಬ್ಬಳು ಎದ್ದು ಹೋದಳು. ನಮ್ಮೂರಿನಲ್ಲಾಗಿದ್ದರೆ ಬಸವಕುಮಾರ್ ಪಟೇಲರ ಅಂಗಳದಲ್ಲಿ ನಿಂತು ಪಟೇಲರ ಮುತ್ತಾತ ಕೊಲೆಗಡುಕ ಎನ್ನುತ್ತಿದ್ದನೇ? ಉಸಿರೂ ಬಿಡುತ್ತಿರಲಿಲ್ಲ. ಇಲ್ಲಿ ಇತಿಹಾಸವೆಂದರೆ ಕಾಗದ, ಕಾಗದವೆಂದರೆ ಸತ್ಯ, ಸತ್ಯವೆಂದರೆ ಎಲ್ಲರೂ ತಲೆಯಾಡಿಸುತ್ತಾರೆ ಎಂದುಕೊಂಡಿದ್ದ ಬಡಪಾಯಿ. ಬಂದೂಕಿನ ಸಾಲಿನಲ್ಲಿ ವೇಯ್ನ್ ಅವನನ್ನೇ ನೋಡುತ್ತ ನಿಂತಿದ್ದ. ಬಸವಕುಮಾರ್ ಕೈಬೀಸಿದ. ವೇಯ್ನ್ ಬೀಸಲಿಲ್ಲ.

ಫಿರಂಗಿ ಹಾರಿತು, ಕದನ ಶುರುವಾಯಿತು.

ಹೊಗೆ ಬಯಲನ್ನು ಮುಚ್ಚಿತು. ಗಂಧಕದ ವಾಸನೆಗೆ ಕಣ್ಣು ಉರಿಯಿತು. ಸ್ವಾತಂತ್ರ್ಯದವರು ಕಾಡಿನಂಚಿನಿಂದ ಕಿರುಚುತ್ತ ಬಂದರು. ರಾಜನ ಕಡೆಯವರು ಎರಡು ಸುತ್ತು ಹಾರಿಸಿ, ಹಳ್ಳದ ಕಡೆಗೆ ಹಿಂದೆ ಸರಿದು, ಒಬ್ಬೊಬ್ಬರಾಗಿ ಬಿದ್ದರು. ಬಿದ್ದವರು ಡೋಲು ಬಡಿಯುವವರೆಗೆ ಅಲುಗಾಡುವಂತಿಲ್ಲ, ಅದು ಅಲ್ಲಿಯ ಕಟ್ಟುನಿಟ್ಟು. ನಿಜವಾಗಿ ಪೆಟ್ಟಾದರೆ ಟೋಪಿ ತೆಗೆದು ಬೀಸಬೇಕು. ಬಸವಕುಮಾರ್ ಹಳ್ಳದ ದಂಡೆಯಲ್ಲಿ ಮೊಣಕಾಲೂರಿ, ಬಿಳಿ ಬಟ್ಟೆ ಎತ್ತಿ, “ದಯೆಯಿಡಿ! ಶರಣಾಗಿದ್ದೇವೆ!” ಎಂದು ಇಂಗ್ಲಿಷಿನಲ್ಲಿ ಕೂಗಿದ.

ವೇಯ್ನ್ ಹೊಗೆಯೊಳಗಿಂದ ಬಂದ. ಬಂದೂಕು ತಿರುಗಿತು. ಮುಟ್ಟಿದ ಹಾಗೆ ಮಾಡುತ್ತಾನೆ ಎಂದು ಬಸವಕುಮಾರ್ ಬೀಳಲು ಸಿದ್ಧನಾದ. ಹಿಡಿ ಪಕ್ಕೆಗೆ ಬಡಿಯಿತು. ಒಳಗೆ ಏನೋ ಲಟಕ್ಕೆಂದು ಮುರಿಯಿತು. ಟೋಪಿ ಹಾರಿ ಹಳ್ಳಕ್ಕೆ ಬಿತ್ತು. ಮೊದಲು ನೋವೇ ಗೊತ್ತಾಗಲಿಲ್ಲ, ಕೈತಪ್ಪಿತೇನೋ ಅಂದುಕೊಂಡ. ಎರಡನೆಯ ಏಟು ಬಾಯಿಗೆ ಬಿದ್ದಾಗ ಕೈತಪ್ಪಿಲ್ಲ ಎಂದು ಗೊತ್ತಾಯಿತು. ಹಲ್ಲೊಂದು ನಾಲಿಗೆಯ ಮೇಲೆ ಉರುಳಿತು, ಬಾಯಿ ತುಂಬ ಬಿಸಿ ರಕ್ತ.

“ದಯೆ,” ಎಂದ. ಈ ಸಲ ಆಟಕ್ಕಲ್ಲ.

ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಸತ್ತು ಬಿದ್ದಿದ್ದ ಟೆಡ್ ಕಣ್ಣು ಮುಚ್ಚಿಕೊಂಡೇ, “ಭಲೇ, ಈ ವರ್ಷ ಜೋರಾಗಿದೆ,” ಎಂದು ಪಿಸುಗುಟ್ಟಿದ.

ವೇಯ್ನ್ ಬಂದೂಕು ಎಸೆದು ಅವನ ಎದೆಯ ಮೇಲೆ ಕೂತ. ಮುರಿದ ಪಕ್ಕೆ ಒಳಗೆ ಚುಚ್ಚಿತು. ದಪ್ಪ ಕೈಗಳೆರಡೂ ಕುತ್ತಿಗೆಗೆ ಬಂದವು. “ಸುಳ್ಳು ಅಂತ ಹೇಳು,” ಎಂದ, ಮೆಲ್ಲಗೆ, ಮುಖ ಮುಖಕ್ಕೆ ತಾಗುವಷ್ಟು ಹತ್ತಿರದಿಂದ. ಕಣ್ಣಲ್ಲಿ ನೀರಿತ್ತು. “ನನ್ನ ಅಮ್ಮ ಎದ್ದು ಹೋದಳು. ಎಂಬತ್ತೆರಡು ವರ್ಷದವಳು, ಅವಳು ಎದ್ದು ಹೋಗಬೇಕಾಯಿತು. ಸುಳ್ಳು ಅಂತ ಹೇಳು.”

ಹೇಳಲು ಉಸಿರೆಲ್ಲಿದೆ? ಬಸವಕುಮಾರನ ಬಲಗೈ ಹಳ್ಳದ ಅಂಚಿನಲ್ಲಿ ಒದ್ದಾಡಿ ಒಂದು ಕಲ್ಲನ್ನು ಹಿಡಿಯಿತು. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು, ಕೈಗೆ ಸರಿಯಾಗಿ ಕೂತಿತು. ವೇಯ್ನನ ಕಪಾಳ ಒಂದು ಮೊಳ ದೂರದಲ್ಲಿ. ಎತ್ತಿ ಬಡಿದರೆ ತಾನು ಬದುಕುತ್ತಾನೆ. ಬಡಿದರೆ ಪೊಲೀಸು, ಕೇಸು, ಶುಕ್ರವಾರ ಹೋಯಿತು. ಸಾಯುವವನ ತಲೆಯಲ್ಲಿ ಬಂದದ್ದು ಇದು, ನೋಡಿ! ಹೆಂಡತಿಯಲ್ಲ, ದೇವರಲ್ಲ, ಶುಕ್ರವಾರ. ಇಪ್ಪತ್ತೊಂದು ವರ್ಷ ತಗ್ಗಿದ ಕೈ ಅದು, ಪ್ರಾಣ ಹೋಗುವಾಗಲೂ ಮೇಲೇಳಲಿಲ್ಲ. ಅವನು ಕಲ್ಲನ್ನು ಬಿಟ್ಟುಬಿಟ್ಟ.

ಕಣ್ಣಿನ ಅಂಚು ಕಪ್ಪಾಗುತ್ತ ಬಂತು. ಕುತ್ತಿಗೆಯ ಹಿಡಿತ ಒಂದು ಕ್ಷಣ ಸಡಿಲವಾದಾಗ ಅವನಿಗೇ ಗೊತ್ತಿಲ್ಲದೆ ಕೂಗು ಹೊರಟಿತು.

“ಅಯ್ಯೋ ಅಮ್ಮಾ! ಸಾಯ್ತೀನಿ! ಬಿಡ್ಸ್ರೋ!”

ಆರುನೂರು ಜನಕ್ಕೆ ಅದು ಯಾವುದೋ ಅರಚಾಟ. ಶ್ರಾವಣಿ ಫೋನಿನಿಂದ ತಲೆ ಎತ್ತಿದಳು. ಅಪ್ಪ ಪ್ರತಿವರ್ಷ ಸಾಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅವನು ಕಿರುಚಿದ್ದನ್ನು ಒಂದೇ ಸಲ ಕೇಳಿದ್ದಳು, ಗ್ಯಾರೇಜಿನ ಬಾಗಿಲಿಗೆ ಬೆರಳು ಸಿಕ್ಕಿದಾಗ.

ಅವಳು ಹಗ್ಗ ಹಾರಿದಳು. ಸತ್ತವರನ್ನು ದಾಟಿಕೊಂಡು, ಒಬ್ಬನ ಕೈ ತುಳಿದು, ಓಡಿ ಬಂದಳು. ವೇಯ್ನ್ ಎಸೆದ ಬಂದೂಕು ಹುಲ್ಲಿನಲ್ಲಿ ಬಿದ್ದಿತ್ತು. ಬಿಡು ಎನ್ನಲಿಲ್ಲ, ನಿಲ್ಲಿಸು ಎನ್ನಲಿಲ್ಲ. ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಎಳೆದು, ಬೀಸಿದಳು. ಹಿಡಿ ವೇಯ್ನನ ಕಿವಿಯ ಮೇಲೆ ಬಡಿಯಿತು. ಆ ಶಬ್ದ ಹಗ್ಗದಾಚೆಗೂ ಕೇಳಿತು. ಅವನು ಪಕ್ಕಕ್ಕೆ ವಾಲಿದ. ಅವಳು ಮತ್ತೆ ಬೀಸಿದಳು. ದವಡೆ ಓರೆಯಾಯಿತು, ಅವನು ಹಳ್ಳದ ನೀರಿಗೆ ಮುಖ ಕೆಳಗಾಗಿ ಬಿದ್ದ. ಮೂರನೆಯ ಸಲ ಎತ್ತಿದಾಗ ಅವನು ಅಲುಗಾಡುತ್ತಿರಲಿಲ್ಲ. ಆದರೂ ಹೊಡೆದಳು, ಬೆನ್ನಿಗೆ.

ಚಪ್ಪಾಳೆ ನಿಂತಿತು. ನೀಲಿ ಸ್ವೆಟ್‌ಶರ್ಟು, ಜೀನ್ಸು ಹಾಕಿದ ಹುಡುಗಿ ಆಟದವಳಲ್ಲ ಎಂದು ಜನಕ್ಕೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು. ಸತ್ತಿದ್ದವರೆಲ್ಲ ಡೋಲಿಗೆ ಕಾಯದೆ ಎದ್ದು ಕೂತರು. ಟೆಡ್ ನೀರಿಗಿಳಿದು ವೇಯ್ನನ ತಲೆ ಎತ್ತಿ ಹಿಡಿದ. ಉಸಿರಿತ್ತು. ಕಿವಿಯಿಂದ ರಕ್ತ ಇಳಿದು ನೀರಿನಲ್ಲಿ ಹರಿಯುತ್ತಿತ್ತು.

ಬಂದೋಬಸ್ತಿಗೆಂದು ಬಂದಿದ್ದ ಪೊಲೀಸ್ ಡೆಪ್ಯುಟಿ ಓಡಿ ಬಂದ, ಕೈ ಸೊಂಟದ ಪಿಸ್ತೂಲಿನ ಮೇಲೆ. ಅವನಿದ್ದದ್ದು ಫಿರಂಗಿಯ ಆಚೆ, ಹೊಗೆಯಲ್ಲಿ ಏನೂ ಕಂಡಿರಲಿಲ್ಲ. ಅವನಿಗೆ ಕಂಡದ್ದು ನೀರಿನಲ್ಲಿ ಬಿದ್ದ ವೇಯ್ನ್, ರಕ್ತ ಕಾರುತ್ತ ಎದ್ದು ಕೂತ ಬಸವಕುಮಾರ್, ಅವರಿಬ್ಬರ ನಡುವೆ ಹುಲ್ಲಿನ ಮೇಲೆ ಬಂದೂಕು, ಪಕ್ಕದಲ್ಲಿ ಒಬ್ಬ ಹುಡುಗಿ.

“ಇವನನ್ನು ಹೊಡೆದವರು ಯಾರು?” ಎಂದು ಬಸವಕುಮಾರನನ್ನೇ ನೋಡುತ್ತ ಕೇಳಿದ.

ನಾನು ಎನ್ನಬೇಕು. ಅಪ್ಪನಾದವನು ಯೋಚಿಸುವ ಪ್ರಶ್ನೆಯೇ ಅಲ್ಲ ಅದು. ನಾಲಿಗೆ ಊದಿಕೊಂಡಿತ್ತು, ನಿಜ. ಆದರೆ ತಲೆಯಾಡಿಸಬಹುದಿತ್ತು, ಕೈಯೆತ್ತಬಹುದಿತ್ತು. ಬಸವಕುಮಾರ್ ಬಾಯಿ ತೆರೆದ, ತೆರೆದುಕೊಂಡೇ ಇದ್ದ. ಎರಡು ಕ್ಷಣ ಹೋಯಿತು, ಮೂರು ಹೋಯಿತು. ಆ ಮೂರು ಕ್ಷಣವನ್ನು ಶ್ರಾವಣಿ ನೋಡಿದಳು.

“ನಾನು,” ಎಂದಳು ಇಂಗ್ಲಿಷಿನಲ್ಲಿ. “ನಾನೇ ಹೊಡೆದೆ. ಮೂರು ಸಲ.”

ಡೆಪ್ಯುಟಿ ಅವಳ ಕೈಗಳನ್ನು ಹಿಂದಕ್ಕೆ ಎಳೆದು ಬೇಡಿ ಹಾಕಿದ. ಅವಳು ಕೊಸರಲಿಲ್ಲ. ಕೆನ್ನೆಯ ಮೇಲೆ ವೇಯ್ನನ ರಕ್ತ ಸಿಡಿದಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಅದನ್ನು ಕಂಡು ಬಸವಕುಮಾರನಿಗೇ ಹೆದರಿಕೆಯಾಯಿತು. ಈಗಲಾದರೂ ಎಂದು ಅವನು ಮೊಣಕಾಲೂರಿ ಏಳಲು ಹೋದ.

“ಅಪ್ಪ, ಕೂತ್ಕೊ,” ಎಂದಳು, ಅಲ್ಲಿ ಮತ್ತಾರಿಗೂ ತಿಳಿಯದ ತನ್ನ ಹರಕುಮುರುಕು ಕನ್ನಡದಲ್ಲಿ. “ಟಾಕ್ ಮಾಡ್ಬೇಡ. ನಿಂಗೆ ಫ್ರೈಡೇ ಇದೆ. ನಾನು ಇಲ್ಲೇ ಹುಟ್ಟಿದ್ದು. ನನ್ನ ಎಲ್ಲೂ ಕಳ್ಸಕ್ಕಾಗಲ್ಲ ಇವ್ರಿಗೆ.”

ಬಸವಕುಮಾರ್ ಕೂತ. ಅವಳನ್ನು ಹಗ್ಗದಾಚೆ, ಕುರ್ಚಿಗಳ ನಡುವಿನ ದಾರಿಯಲ್ಲಿ ಕರೆದುಕೊಂಡು ಹೋದರು. ಏನಾಯಿತು ಎಂದು ಟೆಡ್ ಎರಡು ಸಲ ಕೇಳಿದ. ಬಸವಕುಮಾರ್ ಹುಲ್ಲಿನಲ್ಲಿ ಬಿದ್ದಿದ್ದ ಬಿಳಿ ಬಟ್ಟೆಯನ್ನು ಎತ್ತಿ ಬಾಯಿಗೆ ಒತ್ತಿಕೊಂಡ.