ನಲವತ್ತೊಂದು ರೂಟರುಗಳ ಸಾವು

ರೂಟರುಗಳು ಸತ್ತದ್ದಕ್ಕೆ ರಾಜೀವಿಯ ಪೂಜೆಯೇ ಕಾರಣವೆಂದು ವೆರಿಬೀ ಶೆಡ್ಡಿನ ಮುಖ್ಯಸ್ಥ ಶಿವಪುತ್ರಪ್ಪ ಹನ್ನೊಂದು ಜನರೆದುರು ಹೇಳಿಬಿಟ್ಟ. ಸೋಮವಾರದ ಮೀಟಿಂಗು. ಅವನು ಮೆಲ್ಬರ್ನ್ ಅಂಚಿನ ವೆರಿಬೀಯಲ್ಲಿ, ಅವಳು ಸಿಡ್ನಿಯಲ್ಲಿ, ನಡುವೆ ಕಂಪ್ಯೂಟರ್ ಪರದೆ. ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಕನ್ನಡದಲ್ಲೊಂದು ಮಾತು ಬಿಟ್ಟ.

“ಪೂಜಿ ಮುಗಸೂ ಗಡಿಬಿಡಿಯೊಳಗ ವಯರ್ ಕಿತ್ತಿರ್ತಾರ್ರೀ ಅಕ್ಕಾರು.”

ಕನ್ನಡ ತಿಳಿದ ಮೂವರು ನಕ್ಕರು. ತಿಳಿಯದವರಿಗೆ ಯಾರೋ ಅರ್ಥ ಬಿಡಿಸಿ ಹೇಳಿದ ಮೇಲೆ ಅವರೂ ನಕ್ಕರು. ರಾಜೀವಿ ನಗಲಿಲ್ಲ.

ಪೂಜೆಯೆಂದರೆ ಇಷ್ಟೇ: ದಿನದ ಮೊದಲ ರೂಟರಿಗೆ ಕರೆಂಟು ಕೊಡುವ ಮುಂಚೆ ಅವಳು ಕೈಮುಗಿದು ದೇವರ ಹೆಸರು ಹೇಳುತ್ತಿದ್ದಳು. ಗಿರಾಕಿಗಳು ವಾಪಸು ಮಾಡಿದ ವೈಫೈ ರೂಟರುಗಳು ಮೊದಲು ವೆರಿಬೀಯ ಶೆಡ್ಡಿಗೆ ಹೋಗುತ್ತಿದ್ದವು. ಅಲ್ಲಿ ಶಿವಪುತ್ರಪ್ಪನ ಕೈಕೆಳಗಿನವರು ಅವನ್ನು ಬಿಚ್ಚಿ, ಪ್ಲಾಸ್ಟಿಕ್ ಹೊದಿಕೆ ತೊಳೆದು, ಮತ್ತೆ ಸ್ಕ್ರೂ ಬಿಗಿದು, ಸೀಲು ಹಾಕಿ ಸಿಡ್ನಿಗೆ ಕಳಿಸುತ್ತಿದ್ದರು. ಅಲ್ಲಿನ ಪ್ಯಾರಮಟ್ಟಾ ಬಡಾವಣೆಯ ಹಿಂಬದಿಯ ಗಲ್ಲಿಯೊಂದರಲ್ಲಿ, ಹಳೆಯ ಟೈರಂಗಡಿಯ ಮಹಡಿಯಲ್ಲಿ ಕೂತು ರಾಜೀವಿ ಒಂದೊಂದಕ್ಕೂ ಹೊಸ ಸಾಫ್ಟ್‌ವೇರ್ ತುಂಬುತ್ತಿದ್ದಳು. ತುಂಬಲು ಮೂರು ನಿಮಿಷ. ನಡುವೆ ವಯರ್ ಕಿತ್ತರೆ ರೂಟರು ಸತ್ತಂತೆಯೇ. ದೀಪವಿಲ್ಲ, ಅಲುಗಾಟವಿಲ್ಲ, ಮತ್ತೆ ಎಬ್ಬಿಸುವ ದಾರಿಯೂ ಇಲ್ಲ. ಕಳೆದ ಒಂದು ತಿಂಗಳಲ್ಲಿ ಅವಳ ಬೆಂಚಿನ ಮೇಲೆ ಹಾಗೆ ನಲವತ್ತೊಂದು ಸತ್ತಿದ್ದವು. ಶುಕ್ರವಾರದೊಳಗೆ ಬೇರೆ ಕಾರಣ ಸಿಗದಿದ್ದರೆ ‘ಅಜಾಗರೂಕತೆ’ ಎಂದು ಬರೆದು ಅವಳನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಐವತ್ತೆಂಟು ವಯಸ್ಸಿನ ಹೆಂಗಸು ಆ ಕಾಗದ ಹಿಡಿದುಕೊಂಡು ಹೋದರೆ ಸಿಡ್ನಿಯಲ್ಲಿ ಯಾರು ಕೆಲಸ ಕೊಡುತ್ತಾರೆ?

ಅವಸರ ಎಂಬುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಉಡುಪಿ ಕಡೆಯ ಅವರ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳಿಡೀ ಸಂಜೆ ಅಪ್ಪ ಪುರಾಣ ಓದುತ್ತಿದ್ದರು. ಷಟ್ಪದಿಯ ಒಂದೊಂದು ಸಾಲನ್ನೂ ರಾಗದಲ್ಲಿ ಎಳೆದು ಇಳಿಸಿ, ಕೇಳುವವರ ಎದೆಯಲ್ಲಿ ಅದು ಕೂತಮೇಲೆಯೇ ಮುಂದಿನ ಸಾಲು. ರಾಜೀವಿ ಕಂಬಕ್ಕೊರಗಿ ಕೇಳುವವಳು. ಅಕ್ಷರ ಕೂಡಿಸಿ ಓದಲು ಬರುವ ಮುಂಚೆಯೇ ಮಾತ್ರೆಗಳ ಲೆಕ್ಕ ಅವಳ ಬೆರಳಿಗೆ ಬಂದಿತ್ತು. ಅಪ್ಪನಿಗೆ ಆಯಾಸವಾಗಿ ಎಲ್ಲಾದರೂ ಒಂದು ಮಾತ್ರೆ ಜಾರಿದರೆ ತೊಡೆಯ ಮೇಲಿನ ಬೆರಳು ಥಟ್ಟನೆ ನಿಲ್ಲುತ್ತಿತ್ತು. ಇಂಥವಳು ಮೂರು ನಿಮಿಷ ಕಾಯಲಾರದೆ ವಯರ್ ಕಿತ್ತಳಂತೆ.

ಮಂಗಳವಾರ, ಬುಧವಾರ ಅವಳು ಒಂದೊಂದು ರೂಟರಿನ ಮುಂದೆಯೂ ಗಡಿಯಾರವಿಟ್ಟುಕೊಂಡು ಕೂತಳು. ಆದರೂ ನಾಲ್ಕು ಸತ್ತು, ಲೆಕ್ಕ ನಲವತ್ತೈದಕ್ಕೆ ಏರಿತು. ಸಿಡ್ನಿಯ ಮೇಲ್ವಿಚಾರಕ ಲಿಯೋನ್ ಮಂಗಳೂರಿನ ಕುಲಶೇಖರದ ಕಡೆಯ ಹುಡುಗ. ಅವಳ ಕೈಮುಗಿಯುವಿಕೆಗೆ ದಿನಾ ತಮಾಷೆ ಮಾಡುವವನು ಈಗ ತಮಾಷೆ ಬಿಟ್ಟು ಅವಳ ಹಿಂದೆಯೇ ನಿಂತಿದ್ದ. ಆಂಟಿ ವಯರ್ ಮುಟ್ಟಲಿಲ್ಲ ಎಂದು ತಾನೇ ಬರೆದು ಕಳಿಸಿದ. ಹಾಗಾದರೆ ತಪ್ಪು ಸಾಫ್ಟ್‌ವೇರ್ ಫೈಲು ಹಾಕಿರಬೇಕು ಎಂದು ಮೆಲ್ಬರ್ನ್‌ನಿಂದ ಉತ್ತರ ಬಂತು.

ಫೈಲುಗಳು ಎರಡಿದ್ದದ್ದು ನಿಜ. ಈ ರೂಟರಿನ ಮಾಡೆಲ್ ಒಂದೇ, ಹೆಸರು ಒಂದೇ, ಪೆಟ್ಟಿಗೆಯ ಮೇಲಿನ ಚಿತ್ರವೂ ಒಂದೇ. ಆದರೆ ತಯಾರಿಸಿದವರು ನಡುವಿನಲ್ಲಿ ಯಾರಿಗೂ ಹೇಳದೆ ಒಳಗಿನ ಚಿಪ್ಪು ಬದಲಿಸಿ, ಮೊದಲಿನದ್ದನ್ನು ರಿವಿಷನ್ ಎ, ಅನಂತರದ್ದನ್ನು ರಿವಿಷನ್ ಬಿ ಎಂದು ಕರೆದಿದ್ದರು. ತಳದ ಲೇಬಲ್ಲಿನಲ್ಲಿ ಸಾಸಿವೆಯಷ್ಟು ದೊಡ್ಡ ಒಂದಕ್ಷರ ಬಿಟ್ಟರೆ ಹೊರಗೆ ಇನ್ನೇನೂ ಗುರುತಿಲ್ಲ. ಎ ರೂಟರಿಗೆ ಬಿ ಫೈಲು ತುಂಬಿದರೂ, ಬಿ ರೂಟರಿಗೆ ಎ ತುಂಬಿದರೂ ಸಾವೇ. ರಾಜೀವಿ ಆ ಅಕ್ಷರವನ್ನು ಭೂತಗನ್ನಡಿಯಲ್ಲಿ ಎರಡೆರಡು ಸಲ ನೋಡಿಯೇ ಫೈಲು ಆರಿಸುತ್ತಿದ್ದಳು.

ಗುರುವಾರ ಮಧ್ಯಾಹ್ನ ಅವಳ ಕೈಯಲ್ಲಿದ್ದ ರೂಟರಿನ ತಳದಲ್ಲಿ ಎ ಎಂದಿತ್ತು. ಕರೆಂಟು ಕೊಟ್ಟಳು. ಹಸಿರು ದೀಪ ಮಿಣುಕತೊಡಗಿತು. ಎ ಫೈಲಿನ ಮೇಲೆ ಕೈಯಿಟ್ಟವಳು ಹಾಗೆಯೇ ತಡೆದು ಕೂತಳು. ತೊಡೆಯ ಮೇಲಿನ ಬೆರಳು ಐದರ ತಾಳ ಹಾಕುತ್ತಿತ್ತು.

ಎ ರೂಟರು ಎದ್ದೇಳುವಾಗ ದೀಪ ಮೂರು ಸಲ ಮಿಣುಕಿ, ಚೂರು ತಡೆದು, ನಾಲ್ಕು ಸಲ ಮಿಣುಕುತ್ತದೆ. ಮತ್ತೆ ಮೂರು, ಮತ್ತೆ ನಾಲ್ಕು, ಭಾಮಿನಿ ಷಟ್ಪದಿಯ ನಡೆಯ ಹಾಗೆ. ಬಿ ರೂಟರಿನದು ಐದು, ಐದು, ವಾರ್ಧಕದ ಹಾಗೆ. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ, ಅವಳೂ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯವೆಂದೇ ತೋಚಿರಲಿಲ್ಲ. ಕಣ್ಣು ಲೇಬಲ್ ನೋಡುತ್ತಿದ್ದಾಗ ಬೆರಳು ತನ್ನ ಪಾಡಿಗೆ ತಾಳ ಹಾಕಿಕೊಂಡಿತ್ತು, ಅಷ್ಟೇ. ಈಗ ಲೇಬಲ್ ಒಂದು ಹೇಳುತ್ತಿದೆ, ಬೆರಳು ಇನ್ನೊಂದು. ರಾಜೀವಿ ಬೆರಳನ್ನು ನಂಬಿದಳು. ಬಿ ಫೈಲು ಹಾಕಿದಳು.

ಮೂರು ನಿಮಿಷದ ಮೇಲೆ ದೀಪ ಮಿಣುಕುವುದನ್ನು ನಿಲ್ಲಿಸಿ ತಣ್ಣಗೆ ಉರಿಯಿತು. ರೂಟರು ಬದುಕಿತ್ತು.

“ಲಿಯೋನ್, ಇದರ ತಳ ಎ, ಹೊಟ್ಟೆ ಬಿ,” ಎಂದಳು.

“ಎಂತ ಆಂಟಿ, ಅದು ಹೇಗೆ ಆಗ್ತದೆ?”

“ಹೇಗೆ ಅಂತ ನಮಗೆ ಇಲ್ಲಿ ಗೊತ್ತಾಗುದಿಲ್ಲ. ಸೀಲು ಒಡೀಲಿಕ್ಕೆ ನಮಗೆ ಪರ್ಮಿಷನ್ ಇಲ್ಲ ಅಲ್ವಾ. ಈ ವಾರದ ನಾಲ್ಕು ಬಿಟ್ಟು ಸತ್ತದ್ದೆಲ್ಲ ವಾಪಸು ಹೋಗಿ ಅವರ ಶೆಡ್ಡಿನಲ್ಲೇ ಉಂಟು. ನಾಳೆ ನಾನು ವೆರಿಬೀಗೆ ಹೋಗ್ತೇನೆ.”

ಹತ್ತು ವರ್ಷದಲ್ಲಿ ಅವಳು ಏನನ್ನೂ ಕೇಳಿದವಳಲ್ಲ. ಲಿಯೋನ್ ಮರುಮಾತಿಲ್ಲದೆ ಟಿಕೆಟ್ ಬುಕ್ ಮಾಡಿದ.

ಶುಕ್ರವಾರ ಬೆಳಗಿನ ವಿಮಾನದಲ್ಲಿ ಮೆಲ್ಬರ್ನ್ ಬಳಿಯ ಆವಲಾನ್ ನಿಲ್ದಾಣದಲ್ಲಿ ಇಳಿದು, ಟ್ಯಾಕ್ಸಿ ಹಿಡಿದು ಒಂಬತ್ತೂವರೆಗೆ ಶೆಡ್ಡಿಗೆ ಕಾಲಿಟ್ಟಳು. ಶಿವಪುತ್ರಪ್ಪ ಎತ್ತರದ ಆಳು, ದೊಡ್ಡ ದನಿ. ಚಹಾ ತರಿಸಿ ಕೊಟ್ಟು, ಅವಳು ಹೇಳಿದ ದೀಪದ ಮಿಣುಕಿನ ವಿಷಯ ಕೇಳಿಸಿಕೊಂಡ. ಆಮೇಲೆ ಎಂಟು ಜನ ಕೆಲಸದವರನ್ನೂ ಕರೆದು ನಿಲ್ಲಿಸಿದ, ಅಕ್ಕಾರು ದೀಪ ನೋಡಿ ಭವಿಷ್ಯ ಹೇಳುತ್ತಾರಂತೆ ಎಂದು. ರಾಜೀವಿ ಚಹಾ ಪೂರ್ತಿ ಕುಡಿದಳು. ಅಲ್ಲೇ ರಾಶಿಬಿದ್ದ, ಸೀಲು ಹಾಕಿಟ್ಟ ರೂಟರುಗಳಲ್ಲಿ ಇಪ್ಪತ್ತನ್ನು ಅವನೇ ಆರಿಸಲಿ, ತಳದ ಲೇಬಲ್ಲಿಗೆ ಟೇಪು ಅಂಟಿಸಿ ಮುಚ್ಚಲಿ ಎಂದಳು. ಅವನು ಹಾಗೇ ಮಾಡಿದ.

ಒಂದೊಂದಕ್ಕೂ ಕರೆಂಟು ಕೊಟ್ಟು, ಕಣ್ಣು ಅರೆಮುಚ್ಚಿ, ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ ಸರಿಸಿದಳು. ಎಡಕ್ಕೆ ಹದಿಮೂರು, ಬಲಕ್ಕೆ ಏಳು.

“ಎಡದ್ದು ಎ, ಬಲದ್ದು ಬಿ. ಈಗ ಬಿಚ್ಚಿ ನೋಡಿ ಶಿವಪುತ್ರಪ್ಪನವರೆ. ಒಳಗಿನ ಬೋರ್ಡಿನ ಮೇಲೆ ಅಕ್ಷರ ಉಂಟಲ್ಲ, ಅದನ್ನು ಓದಿ.”

ಸ್ಕ್ರೂ ಬಿಚ್ಚಿದರು. ಮೊದಲನೆಯದು ಎ. ಎರಡನೆಯದು ಎ. ಹದಿಮೂರೂ ಎ. ಬಲದ ಏಳೂ ಬಿ. ಇಪ್ಪತ್ತಕ್ಕೆ ಇಪ್ಪತ್ತು. ಟೇಪು ಕಿತ್ತು ನೋಡಿದರೆ ಅವುಗಳಲ್ಲಿ ಆರರ ಲೇಬಲ್ ಬೇರೆಯೇ ಹೇಳುತ್ತಿತ್ತು.

“ಸತ್ತದ್ದನ್ನೂ ತನ್ನಿ,” ಎಂದಳು ರಾಜೀವಿ.

ಗುಜರಿಗೆ ಹಾಕಲು ಇಟ್ಟಿದ್ದ ನಲವತ್ತೊಂದು ರೂಟರುಗಳನ್ನು ಮೇಜಿನ ಮೇಲೆ ಸುರಿದು ಬಿಚ್ಚಿದರು. ಎ ತಳ, ಬಿ ಬೋರ್ಡು. ಬಿ ತಳ, ಎ ಬೋರ್ಡು. ನಲವತ್ತೊಂದರಲ್ಲಿ ಒಂದೂ ತಪ್ಪಲಿಲ್ಲ. ಶಿವಪುತ್ರಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಿಧಾನವಾಗಿ ಹಿಂದಕ್ಕೆ ತಿರುಗಿದ. ತೊಳೆಯುವ ತೊಟ್ಟಿಯ ಪಕ್ಕ ಎರಡು ನೀಲಿ ಕ್ರೇಟುಗಳಿದ್ದವು. ಒಂದರಲ್ಲಿ ಬರೀ ಮೇಲ್ಮುಚ್ಚಳ, ಇನ್ನೊಂದರಲ್ಲಿ ಬರೀ ತಳ. ಮೊದಲು ಒಂದೊಂದೇ ತೊಳೆದು ಒಂದೊಂದೇ ಜೋಡಿಸುತ್ತಿದ್ದರು. ಹೋದ ತಿಂಗಳು ಕೆಲಸ ಬೇಗ ಸಾಗಲೆಂದು ಎಲ್ಲವನ್ನೂ ಒಟ್ಟಿಗೆ ಬಿಚ್ಚಿ, ಒಟ್ಟಿಗೆ ತೊಳೆದು, ಕೈಗೆ ಸಿಕ್ಕ ತಳಕ್ಕೆ ಕೈಗೆ ಸಿಕ್ಕ ಬೋರ್ಡು ಕೂರಿಸುವ ಪದ್ಧತಿ ತಂದವನು ಅವನೇ. ಮಾಡೆಲ್ ಒಂದೇ ತಾನೇ ಎಂದುಕೊಂಡಿದ್ದ.

ಅವನು ಸಣ್ಣ ಮನಸ್ಸಿನವನಲ್ಲ. ಅಲ್ಲೇ, ಎಂಟು ಜನರೆದುರೇ ಫೋನು ತೆಗೆದು ಸಿಡ್ನಿಗೆ ಹಚ್ಚಿದ.

“ಲಿಯೋನ್, ಬರಕೋ. ತಪ್ಪು ನಮ್ಮ ಶೆಡ್ಡಿಂದೈತಿ, ನಂದೈತಿ. ಅಕ್ಕಾರ ಬೆಂಚಿಗೆ ಯಾರೂ ಕೈ ಹಚ್ಚೂದು ಬ್ಯಾಡ. ಆ ಕಾಗದ ಹರದ ಹಾಕ್ರಿ ಅಂತ ಮ್ಯಾಲಿನವ್ರಿಗೂ ಈಗ ನಾನ ಬರೀತೇನಿ.” ಫೋನು ಕೆಳಗಿಟ್ಟು ಅವಳ ಕಡೆ ತಿರುಗಿದ. “ಅಕ್ಕಾರ, ನಾ ಅವತ್ತು ಆಡಿದ ಮಾತು ಭಾಳ ಹಗರ ಆತ್ರಿ.”

“ಮಾತು ಹೋಗ್ಲಿ,” ಎಂದಳು ರಾಜೀವಿ. “ಸೀಲು ಹಾಕಿದ್ದು ಇನ್ನೆಷ್ಟು ಉಂಟು?”

ನಾನೂರ ಹನ್ನೆರಡು ಇದ್ದವು. ಮಧ್ಯಾಹ್ನ ವಾಪಸು ಹೋಗುವ ವಿಮಾನವನ್ನು ಅವಳು ಬಿಟ್ಟುಬಿಟ್ಟಳು. ಕೆಲಸದವರಲ್ಲಿ ಇಬ್ಬರು ಪಂಜಾಬಿನವರು, ಐವರು ವಿಯೆಟ್ನಾಂನವರು; ಕನ್ನಡ ಬಲ್ಲವಳು ಐಶ್ವರ್ಯಾ ಒಬ್ಬಳೇ. ಭಾಷೆಯ ಅಗತ್ಯವೇ ಬೀಳಲಿಲ್ಲ. ರಾಜೀವಿ ಮೇಜಿನ ತಲೆಯಲ್ಲಿ ನಿಂತು ಅಂಗೈಗೆ ಅಂಗೈ ಹೊಡೆದು ತೋರಿಸಿದಳು: ತಕಿಟ ತಕಧಿಮಿ ಬಂದರೆ ಎಡಕ್ಕೆ, ತಕತಕಿಟ ತಕತಕಿಟ ಬಂದರೆ ಬಲಕ್ಕೆ. ಮೊದಲ ಹತ್ತರಲ್ಲಿ ಮೂರು ತಪ್ಪಿದರು. ಮುಂದಿನ ಹತ್ತರಲ್ಲಿ ಒಂದು. ಆಮೇಲೆ ಮೇಜಿನ ಉದ್ದಕ್ಕೂ ಎಂಟು ಜೊತೆ ಕೈಗಳು ತಾವಾಗಿಯೇ ತಾಳ ಹಿಡಿದವು, ಶಿವಪುತ್ರಪ್ಪನ ಬೂಟುಗಾಲೂ ನೆಲದ ಮೇಲೆ ಕುಣಿಯತೊಡಗಿತು. ಮದುವೆಯಾಗಿ ಬಂದಂದಿನಿಂದ ಯಾರೆದುರೂ ದನಿಯೆತ್ತದ ರಾಜೀವಿ ಆ ತಗಡಿನ ಶೆಡ್ಡು ತುಂಬುವ ಹಾಗೆ ತಾಳದ ಸೊಲ್ಲು ಹೇಳಿದಳು.

ಆರಿಸಿದ್ದನ್ನು ಹದಿನಾರು ಹದಿನಾರಾಗಿ ಜೋಡಿಸಿ ಅವಳೇ ಫೈಲು ತುಂಬಿದಳು. ಎ ಬೋರ್ಡಿಗೆ ಎ, ಬಿ ಬೋರ್ಡಿಗೆ ಬಿ. ಒಂದೊಂದು ಸಾಲಿಗೂ ಮೂರು ನಿಮಿಷ. ಅವಳು ಕಾದಳು, ಎಲ್ಲರೂ ಕಾದರು. ನಾಲ್ಕು ಗಂಟೆಗೆ ಕೊನೆಯ ಸಾಲು ಮುಗಿಯಿತು. ಐಶ್ವರ್ಯಾ ಆ ತುದಿಯಿಂದ ಈ ತುದಿಯವರೆಗೆ ನಡೆದು ಎಣಿಸಿಕೊಂಡು ಬಂದಳು. ನಾನೂರ ಹನ್ನೆರಡು ಹಸಿರು ದೀಪಗಳು ಮಿಣುಕದೆ ಉರಿಯುತ್ತಿದ್ದವು. ಒಂದೂ ಸತ್ತಿರಲಿಲ್ಲ.